ಬಣ್ಣ ಹಚ್ಚದ ಕೆಂಪು ಕಣ್ಣು

ನಿವೃತ್ತನಾಗಿ ಹನ್ನೊಂದು ವರ್ಷವಾದರೂ ಬೆಳಿಗ್ಗೆ ಐದಕ್ಕೆ ಏಳುವುದು ನನಗೆ ತಪ್ಪಿಲ್ಲ. ಮುದ್ದೇಬಿಹಾಳದ ಬೋರ್ಡಿಂಗಿನಲ್ಲಿ ಓದುವಾಗ ಐದರ ಗಂಟೆ ಬಾರಿಸಿದ ಮೇಲೂ ಹಾಸಿಗೆಯಲ್ಲಿ ಇದ್ದವನಿಗೆ ಅಂದು ನಾಷ್ಟಾ ಇರುತ್ತಿರಲಿಲ್ಲ. ಆ ಗಂಟೆ ಮೈಯಲ್ಲಿ ಉಳಿದುಬಿಟ್ಟಿದೆ. ಬಸವನ ಬಾಗೇವಾಡಿ, ಸಿಂದಗಿ, ಇಂಡಿ ಎಂದು ಮೂವತ್ತಾರು ವರ್ಷ ಬೇರೆ ಬೇರೆ ತಾಲೂಕುಗಳಲ್ಲಿ ಮಕ್ಕಳಿಗೆ ಕಲಿಸಿ, ಕೊನೆಗೆ ನೌಕರಿ ಶುರುಮಾಡಿದ, ತಾಂಬಾದ ಹತ್ತಿರದ ನಮ್ಮೂರಿನ ಶಾಲೆಗೇ ಮರಳಿ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದೆ. ಯಾವ ಕೆಲಸ ಹಿಡಿದರೂ ಅದಕ್ಕೊಂದು ವಹಿ ಇಟ್ಟು, ಆಯಾ ದಿನದ್ದನ್ನು ಆಯಾ ದಿನವೇ ಬರೆಯುವುದು ನನ್ನ ರೂಢಿ. ಆ ರೂಢಿಯ ಬಗ್ಗೆ ನನಗೆ ಹೆಮ್ಮೆಯಿತ್ತು.

ನಾಟಕಕ್ಕೂ ಒಂದು ವಹಿ ಇತ್ತು. ಜೋಳದ ರಾಶಿ ಮುಗಿದ ಮೇಲೆ ನಮ್ಮೂರಿನಲ್ಲಿ ವರ್ಷಕ್ಕೊಂದು ನಾಟಕ ಆಗುತ್ತದೆ. ಬರೆಯುವವನು, ಕಲಿಸುವವನು, ಬಣ್ಣ ಹಚ್ಚುವವನು ಮೂವರೂ ನಾನೇ. ವಹಿಯಲ್ಲಿ ಒಂದೊಂದು ಪಾತ್ರಕ್ಕೆ ಒಂದೊಂದು ಪುಟ. ಉಡುಪು, ಬಣ್ಣ, ಯಾವ ಕಡೆಯಿಂದ ಪ್ರವೇಶ, ಎಲ್ಲ ಅಲ್ಲಿ ಬರೆದಿರುತ್ತಿತ್ತು. ದುಷ್ಟನ ಪುಟದ ಮೊದಲ ಸಾಲು ಎಲ್ಲ ವರ್ಷವೂ ಒಂದೇ: ಕಣ್ಣು ಕೆಂಪು. ಸಾಹುಕಾರನಿರಲಿ, ರಾಕ್ಷಸನಿರಲಿ, ಅಣ್ಣನನ್ನು ಕೊಲ್ಲಿಸುವ ತಮ್ಮನಿರಲಿ, ಕಣ್ಣು ಕೆಂಪು. ಹಾಗೇಕೆ ಎಂದು ನಾನು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ನಮ್ಮವ್ವ ಹೇಳುತ್ತಿದ್ದ ಕತೆಗಳಲ್ಲಿ ರಾಕ್ಷಸನ ಕಣ್ಣು ಕೆಂಡದ ಹಾಗಿರುತ್ತಿದ್ದವು. ಅಷ್ಟೇ ಸಾಕಾಗಿತ್ತು.

ದುಷ್ಟನ ಪಾತ್ರ ಮಾಡುತ್ತಿದ್ದವನು ನನ್ನ ಹಳೆಯ ವಿದ್ಯಾರ್ಥಿ. ಇಂಡಿಯ ಮಾರುಕಟ್ಟೆಯಲ್ಲಿ ರೈತರ ಮಾಲು ಮಾರಿಕೊಡುವ ಅಡತಿ ಅಂಗಡಿಯೊಂದರಲ್ಲಿ ಲಿಂಬೆಹಣ್ಣು ಆರಿಸುವ ಕೆಲಸ ಅವನದು. ಮುಂದೆ ಸುರಿದ ರಾಶಿಯಿಂದ ಎರಡೂ ಕೈಯಲ್ಲಿ ಹಣ್ಣು ಎತ್ತುತ್ತ, ದೊಡ್ಡದು ಒಂದು ಕಡೆ, ಸಣ್ಣದು ಒಂದು ಕಡೆ, ಚುಕ್ಕೆ ಬಿದ್ದದ್ದು ಹಿಂದಕ್ಕೆ ಎಂದು ಎಸೆಯುತ್ತಿದ್ದ. ಕೈ ನಿಲ್ಲುತ್ತಿರಲಿಲ್ಲ. ಸಾಸಿವೆಯಷ್ಟು ಚುಕ್ಕೆಯೂ ಅವನ ಕಣ್ಣು ತಪ್ಪುತ್ತಿರಲಿಲ್ಲ. ಆಳು ಎತ್ತರ, ಧ್ವನಿ ಗುಡುಗು, ಮನಸ್ಸು ಮಾತ್ರ ಬೆಣ್ಣೆ. ಅವನ ಕಣ್ಣು ಬೆಳ್ಳಗೆ, ಎಳೆಗರುವಿನ ಕಣ್ಣಿನಂತೆ ತಣ್ಣಗೆ ಇದ್ದವು. ನನಗೆ ಅದೇ ದೊಡ್ಡ ತೊಂದರೆಯಾಗಿತ್ತು. ಪ್ರತಿ ವರ್ಷ ರೆಪ್ಪೆಯ ಅಂಚಿಗೆ ಕೆಂಪು ಬಣ್ಣ ತೀಡಿ, ಅರಿವೆಯಲ್ಲಿ ಕಟ್ಟಿದ ಉಳ್ಳಾಗಡ್ಡಿಯನ್ನು ಕಣ್ಣ ಹತ್ತಿರ ಹಿಡಿಯುತ್ತಿದ್ದೆ. ಅವನು ನೀರು ಸುರಿಸುತ್ತ, "ಸರ, ನಿಮ್ಮ ರಾಕ್ಷಸ ಅಳಾಕತ್ತಾನ್ರಿ" ಎನ್ನುತ್ತಿದ್ದ.

ಮೂರು ವರ್ಷದ ಹಿಂದಿನ ಮಾತು. ಆ ವರ್ಷ ಅವನದು ಸಾಹುಕಾರನ ಪಾತ್ರ. ಶಾಲೆಯ ಕೋಣೆಯಲ್ಲಿ ಸಂಜೆ ಏಳಕ್ಕೆ ತಾಲೀಮು. ಏಳು ಎಂದರೆ ಏಳು. ಒಂದು ಸಂಜೆ ಅವನು ಬಂದಾಗ ಬಲಗಣ್ಣು ಕೆಂಪಾಗಿತ್ತು.

"ಏನಾತೋ?"

"ಲಿಂಬಿ ರಸ ಸಿಡದಿರಬೇಕ್ರಿ. ಬ್ಯಾಸಗಿ ಮಾಲ ಭಾಳ ಬರಾಕತ್ತೇತಿ."

ನಾನು ಅವನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದೆ. ಬಣ್ಣದಿಂದ ಎಂದೂ ಬಾರದಂಥ ಕೆಂಪು ಅದು. ಕರಿಗುಡ್ಡೆಯ ಸುತ್ತ ಉಂಗುರ ಇಟ್ಟಂತೆ ದಟ್ಟವಾಗಿತ್ತು. ನನಗೆ ಸಂತೋಷವಾಯಿತು. ಅಂದೇ ವಹಿಯಲ್ಲಿ ಅವನ ಪುಟದಲ್ಲಿ ತಾರೀಖು ಹಾಕಿ ಬರೆದೆ: ಬಲಗಣ್ಣು ತಾನಾಗಿ ಕೆಂಪು. ಬಣ್ಣ ಬೇಡ.

ನಾಲ್ಕು ದಿನದ ಮೇಲೆ ತಾಲೀಮಿನ ನಡುವೆ ಅವನು ಬಲ್ಬನ್ನೇ ನೋಡುತ್ತ ನಿಂತುಬಿಟ್ಟ. ಮಾತು ಮರೆತನೆಂದು ನಾನು ಗದರಿಸಿದೆ.

"ಮರತಿಲ್ರಿ ಸರ. ಆ ಬಲ್ಬಿನ ಸುತ್ತ ಕಾಮನಬಿಲ್ಲ ಕಾಣಾಕತ್ತೇತ್ರಿ."

ಎಲ್ಲರೂ ನಕ್ಕರು. ನಾಯಕನ ಪಾತ್ರದವನು, "ಲೇ, ನಾಯಕಿ ಬರೋಕ್ಕಿಂತ ಮದಲ ನಿನಗ ಬಣ್ಣ ಕಾಣಾಕತ್ತವಲ್ಲೋ" ಎಂದ. ನಾನೂ ನಕ್ಕೆ.

ಕೊನೆಯ ಹದಿನೈದು ದಿನ ಯಾರಿಗೂ ರಜೆ ಇಲ್ಲ ಎಂಬುದು ನನ್ನ ನಿಯಮ. ಅದು ಮೊದಲಾದ ದಿನವೇ ಅವನು ತಾಲೀಮು ಮುಗಿದ ಮೇಲೆ ಒಬ್ಬನೇ ಉಳಿದ. ಚಾಪೆ ಸುತ್ತಿಟ್ಟ, ಕುರ್ಚಿ ಒಳಗಿಟ್ಟ. ಆಮೇಲೆ ಹೇಳಿದ.

"ಸರ, ಎರಡ ದಿವಸ ಬಿಡ್ತೀರೇನ್ರಿ? ಸೊಲ್ಲಾಪುರದಾಗ ಈ ಕಣ್ಣ ತೋರಿಸ್ಕೊಂಡ ಬರ್ತೇನಿ. ತಲಿ ಬಲಕಿನ ಕಡೆ ಒಡದ ಹೋದಂಗ ಆಗತೈತಿ."

"ಇಷ್ಟ ದಿವಸ ತಡದೀ, ಇನ್ನ ಹದಿನೈದ ದಿವಸ ತಡಿ. ನಾಟಕ ಮುಗೀಲಿ, ನಾನ ಕರ್ಕೊಂಡ ಹೋಗ್ತೇನಿ."

"ಆತ್ರಿ."

ಎರಡನೇ ಸಲ ಅವನು ಕೇಳಲಿಲ್ಲ. ಆರನೇ ವಯಸ್ಸಿನಿಂದ ನನಗೆ "ಆತ್ರಿ" ಎಂದು ರೂಢಿಯಾದವನು. ಬಾಯಿಪಾಠ ಒಪ್ಪಿಸದೆ ಮನೆಗೆ ಹೋಗಬಾರದು ಎಂದರೆ ಕತ್ತಲಾದರೂ ಕೂತಿರುತ್ತಿದ್ದ.

ಆ ವಾರವೇ ಇನ್ನೊಂದು ನಡೆಯಿತು. ತಾಲೀಮಿನ ನಡುವೆ ಹೊರಗೆ ಓಡಿಹೋಗಿ ಶಾಲೆಯ ಗೋಡೆ ಹಿಡಿದು ವಾಂತಿ ಮಾಡಿಕೊಂಡ. ಕಣ್ಣು ಕೆಂಪು, ಕಾಲು ತೂರಾಟ. ಒಳಗಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. "ಹಾಕ್ಕೊಂಡ ಬಂದಾನ" ಎಂದು ಯಾರೋ ಪಿಸುಗುಟ್ಟಿದರು. ನಾನು ಹೊರಗೆ ಹೋಗಿ ಅವನ ಎದುರು ನಿಂತು, "ಹಾ ಅನ್ನು" ಎಂದೆ. ಐವತ್ತು ವರ್ಷದ ಮನುಷ್ಯ, ಸಾಲಿ ಹುಡುಗನ ಹಾಗೆ ಬಾಯಿ ತೆರೆದು ನನ್ನ ಮುಖದ ಮೇಲೆ ಉಸಿರು ಬಿಟ್ಟ. ಹುಳಿ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಜನ್ಮದಲ್ಲಿ ಒಂದು ತೊಟ್ಟು ಕುಡಿದವನಲ್ಲ. ನಾನು, "ಹೋಗಿ ಮುಖ ತೊಳಕೊ" ಎಂದೆ. ತಪ್ಪಾಯಿತು ಎನ್ನಲಿಲ್ಲ.

ನಾಯಕಿಯ ಪಾತ್ರಕ್ಕೆ ನಾವು ಹೊರಗಿನಿಂದ ಕರೆಸುತ್ತೇವೆ. ಆ ವರ್ಷ ಸಿಂದಗಿ ಕಡೆಯ ಒಬ್ಬ ಹೆಣ್ಣುಮಗಳು ಕೊನೆಯ ಎರಡು ತಾಲೀಮಿಗೆ ಬಂದಿದ್ದಳು. ಇಪ್ಪತ್ತು ವರ್ಷ ಊರೂರು ತಿರುಗಿ ಪಾತ್ರ ಮಾಡಿದವಳು. ಮೊದಲ ದೃಶ್ಯ ಮುಗಿಯುತ್ತಲೇ ನನ್ನ ಹತ್ತಿರ ಬಂದಳು.

"ಮಾಸ್ತರ್ರ, ನಿಮ್ಮ ಸಾಹುಕಾರನ ಕಣ್ಣಿಗಿ ಏನ ಹಚ್ಚೀರಿ?"

"ಏನೂ ಹಚ್ಚಿಲ್ಲವಾ. ಅದು ಹಂಗ ಕೆಂಪ ಆಗೇತಿ."

"ನೂರಾರ ಮಂದಿ ದುಷ್ಟರ ಎದರಿಗಿ ನಿಂತ ಅತ್ತಾಕಿ ನಾ. ಅದ ಪಾತ್ರದ ಕಣ್ಣಲ್ರಿ, ಬ್ಯಾನಿ ಕಣ್ಣ. ನನ್ನ ಕಡೆ ನೋಡ್ತಾನ, ಆದ್ರ ನಾ ಅವಗ ಕಾಣವಲ್ಲೆ."

"ಎರಡ ದಿವಸದ ಮಾತ" ಎಂದೆ.

"ಎರಡ ದಿವಸ ಯಾರಿಗಿ, ನಿಮಗೋ ಅವಗೋ?" ಎಂದು ಅವಳು ತನ್ನ ಚೀಲದತ್ತ ಹೋದಳು.

ನಾಟಕದ ದಿನ ಹೊತ್ತು ಮುಳುಗುವಾಗ ಬಣ್ಣಕ್ಕೆ ಕೂತೆವು. ಬಲಗಣ್ಣಿಗೆ ನನಗೆ ಕೆಲಸವಿರಲಿಲ್ಲ. ಎಡಗಣ್ಣು ಮಾತ್ರ ಬೆಳ್ಳಗಿತ್ತು. ಒಂದು ಕೆಂಪು, ಒಂದು ಬಿಳಿ ಇದ್ದರೆ ಜನ ನಗುತ್ತಾರೆ ಎಂದು ಎಡಗಣ್ಣಿನ ಅಂಚಿಗೆ ಬಣ್ಣ ತೀಡಿದೆ, ಉಳ್ಳಾಗಡ್ಡಿ ಹಿಡಿದೆ. ಹತ್ತು ನಿಮಿಷ ಹಿಡಿದು ಅದನ್ನು ಬಲಗಣ್ಣಿನ ಜೋಡಿ ಮಾಡಿದೆ. ಬ್ಯಾನಿ ಬಿದ್ದ ಕಣ್ಣಿಗೆ ಸರಿಯಾದ ಕಣ್ಣನ್ನು ಹೊಂದಿಸಿದ ಕೈ ಇದು. ಆಗ ಅವನು ನಗೆಮಾತು ಆಡಲಿಲ್ಲ. ಎರಡೂ ಕೈಯಿಂದ ಕುರ್ಚಿಯ ಹಿಡಿ ಹಿಡಿದು ಕೂತಿದ್ದ.

ಅವನ ಪ್ರವೇಶವನ್ನು ನಾನು ಹೀಗೆ ಬರೆದಿದ್ದೆ: ಬೆನ್ನು ಜನರಿಗೆ, ನಿಧಾನ ತಿರುಗುತ್ತಾನೆ, ಬೆಳಕು ನೇರ ಕಣ್ಣಿಗೆ. ಅವನು ತಿರುಗಿದ. ಬೆಳಕು ಬಿತ್ತು. ಅವನು ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂಗಿದ. ಆ ಕೂಗು ನನ್ನ ವಹಿಯಲ್ಲಿ ಇರಲಿಲ್ಲ. ಜನ ಸೀಟಿ ಹೊಡೆದರು, ಚಪ್ಪಾಳೆ ತಟ್ಟಿದರು, ಹತ್ತಾರು ಮೊಬೈಲುಗಳು ಮೇಲೆದ್ದವು. ಪರದೆಯ ಪಕ್ಕದಲ್ಲಿ ನಾಯಕಿ ನನ್ನ ಮುಖ ನೋಡಿದಳು. ಅವನು ಕೂಗು ನುಂಗಿಕೊಂಡು ಮಾತು ಶುರುಮಾಡಿ, ಕೊನೆಯ ದೃಶ್ಯದವರೆಗೂ ಒಂದು ಸಾಲು ತಪ್ಪದೆ ಆಡಿದ.

ಮರುದಿನವೇ ಅವನನ್ನು ಕರೆದೊಯ್ಯಬಹುದಿತ್ತು. ಪರದೆ, ಮೈಕು, ಉಡುಪು ಎಣಿಸಿ ಹಿಂದಕ್ಕೆ ಕಳಿಸುವ ಕೆಲಸ ಮುಗಿಯಲಿ ಎಂದೆ. ಅದಕ್ಕೆ ಎರಡು ದಿನ ಹೋದವು. ಮೂರನೇ ದಿನ ಅವನು, ಅವನ ಹೆಂಡತಿ, ನಾನು ಸೊಲ್ಲಾಪುರಕ್ಕೆ ಹೋದೆವು. ಕಣ್ಣಿನ ಡಾಕ್ಟರು ಬಹಳ ಹೊತ್ತು ಪರೀಕ್ಷೆ ಮಾಡಿದರು.

"ಎಷ್ಟ ದಿವಸ ಆತ್ರಿ ಇದ ಕೆಂಪಾಗಿ?"

ಅವನಿಗೆ ನೆನಪಿರಲಿಲ್ಲ. ಹೆಂಡತಿ, ಹತ್ತು ಹನ್ನೆರಡು ದಿನ ಇರಬಹುದು ಎಂದಳು. ವಹಿ ನನ್ನ ಚೀಲದಲ್ಲೇ ಇತ್ತು. ತೆಗೆದೆ, ಪುಟ ತಿರುವಿದೆ, ದಿನ ಎಣಿಸಿದೆ.

"ಇಪ್ಪತ್ತೆರಡ ದಿವಸ" ಎಂದೆ.

ಡಾಕ್ಟರು ನನ್ನ ವಹಿಯನ್ನೂ ನನ್ನನ್ನೂ ನೋಡಿದರು. ಕಣ್ಣಿನೊಳಗಿನ ಒತ್ತಡ ಏರಿ ನರ ಒಣಗಿದೆ, ಈ ಕಣ್ಣಿಗೆ ಇನ್ನು ಬೆಳಕಿಲ್ಲ, ಕಾಮನಬಿಲ್ಲು ಕಂಡ ದಿನವೇ ಬರಬೇಕಿತ್ತು ಎಂದರು. ಇನ್ನೊಂದು ಕಣ್ಣಿನ ರಚನೆಯೂ ಹಾಗೆಯೇ ಇದೆ. ಅದಕ್ಕೆ ಇವತ್ತೇ ಲೇಸರ್ ಮಾಡುತ್ತೇನೆ, ಹನಿ ಔಷಧ ತಪ್ಪಬಾರದು, ಆ ಕಣ್ಣು ಎಂದಾದರೂ ಕೆಂಪಾದರೆ ಒಂದು ದಿನವೂ ಕಾಯಬಾರದು ಎಂದು ಎರಡು ಸಲ ಹೇಳಿದರು.

ಹೊರಗೆ ಬೆಂಚಿನ ಮೇಲೆ ಅವನ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು. ಅತ್ತು ಅತ್ತು ಅವಳ ಎರಡೂ ಕಣ್ಣು ಕೆಂಪಾಗಿದ್ದವು.

"ಅವರು ರಜಾ ಕೇಳಿದ್ರಂತಲ್ರಿ ಸರ."

"ಹೌದವಾ."

"ನೀವು ಕೊಡಲಿಲ್ಲಂತ."

"ಇಲ್ಲ."

ಅಂದಿನಿಂದ ಮೂರು ವರ್ಷ ಅವಳು ನನ್ನೊಂದಿಗೆ ಮಾತಾಡಲಿಲ್ಲ.

ಆಮೇಲೆ ನಾನು ಬಹಳ ಯೋಚನೆ ಮಾಡಿದೆ. ನನ್ನ ಬಾಳಿನಲ್ಲಿ ಕಂಡ ನಿಜವಾದ ದುಷ್ಟರು ಯಾರು? ಒಂದು ಊರಿನಲ್ಲಿ ಸತ್ತ ತಮ್ಮನ ಹೆಂಡತಿಯನ್ನು ಮೂರು ಮಕ್ಕಳೊಡನೆ ಒಂದೇ ದಿನದಲ್ಲಿ ಹೊರಹಾಕಿದ ಒಬ್ಬನಿದ್ದ. ಹೊತ್ತಿಗೆ ಸರಿಯಾಗಿ ಉಂಡು, ಹೊತ್ತಿಗೆ ಸರಿಯಾಗಿ ಮಲಗುವವನು. ಅವನ ಕಣ್ಣು ತೊಳೆದಿಟ್ಟ ಕವಡೆಯ ಹಾಗಿದ್ದವು. ಕೆಂಪು ಕಣ್ಣುಗಳನ್ನೂ ಸಾಕಷ್ಟು ಕಂಡಿದ್ದೇನೆ. ಹಸಿ ಹತ್ತಿಕಟ್ಟಿಗೆಯ ಒಲೆ ಊದುತ್ತಿದ್ದ ನಮ್ಮವ್ವನವು, ಝಳಕಿಯ ಹೆದ್ದಾರಿಯಲ್ಲಿ ಬೆಳಗಿನ ಚಹಾಕ್ಕೆ ಇಳಿಯುವ ಲಾರಿ ಡ್ರೈವರುಗಳವು, ಮೆಣಸಿನಕಾಯಿ ತೊಟ್ಟು ಮುರಿಯುವ ಹೆಂಗಸರವು. ದಣಿದವರ, ಬ್ಯಾನಿ ಬಿದ್ದವರ, ಅತ್ತವರ ಕಣ್ಣು ಕೆಂಪಾಗುತ್ತವೆ. ಹತ್ತೊಂಬತ್ತು ನಾಟಕ ಬರೆದ ನಾನು ಅವರ ಕಣ್ಣು ಕಿತ್ತು ದುಷ್ಟನ ಮುಖಕ್ಕೆ ಇಟ್ಟಿದ್ದೆ. ಆ ವರ್ಷ ಕನ್ನಡಿ ನೋಡಿಕೊಂಡಾಗ ನನ್ನ ಕಣ್ಣು ಎಂದಿನಂತೆ ಸ್ವಚ್ಛವಾಗಿಯೇ ಇದ್ದವು.

ನಾಟಕ ಬಿಟ್ಟೆ. ಈಗ ಊರಿನ ತರುಣರು ಮಾಡುತ್ತಾರೆ. ದುಷ್ಟನಿಗೆ ಕೆಂಪು ಲೆನ್ಸು ತರಿಸಿದ್ದೇವೆ ಎಂದು ಡಬ್ಬಿ ತೋರಿಸಲು ಬಂದಿದ್ದರು. ಅವನು ಕೂಗಿದ ವಿಡಿಯೋ ಪ್ರತಿ ಬೇಸಿಗೆಗೆ ಊರಿನ ಗ್ರೂಪಿನಲ್ಲಿ ಮತ್ತೆ ಬರುತ್ತದೆ, ಅದರ ಕೆಳಗೆ ನಗುವ ಮುಖಗಳ ಸಾಲು. ಅವನೂ ಉಳಿದ ಕಣ್ಣಿನಿಂದ ನೋಡಿ, "ಚೊಲೊ ಕೂಗೇನ್ರಿ ಸರ" ಎನ್ನುತ್ತಾನೆ. ಬಲಗಣ್ಣು ಈಗ ಕೆಂಪಿಲ್ಲ, ಮಬ್ಬು ಬಿಳಿ. ಲಿಂಬೆಹಣ್ಣು ಈಗಲೂ ಆರಿಸುತ್ತಾನೆ. ಒಂದೊಂದನ್ನೂ ಎತ್ತಿ ಎಡಗಣ್ಣಿನ ಹತ್ತಿರ ತಂದು ತಿರುಗಿಸಿ ನೋಡುತ್ತಾನೆ. ಮೊದಲಿನ ಅರ್ಧ ಕೆಲಸವೂ ಆಗುವುದಿಲ್ಲ.

ಹನಿ ಹಾಕುವುದನ್ನು ನಾನು ವಹಿಸಿಕೊಂಡೆ. ಬೆಳಿಗ್ಗೆ ಆರು, ಸಂಜೆ ಆರು. ಅವನ ಹೆಂಡತಿ ನನ್ನನ್ನು ಕಂಡರೆ ಸ್ಟೂಲು ಹೊರಗಿಟ್ಟು ಒಳಗೆ ಹೋಗುತ್ತಿದ್ದಳು. ಇವತ್ತಿನವರೆಗೆ ಒಂದು ಹೊತ್ತೂ ತಪ್ಪಿಲ್ಲ. ಇದನ್ನು ಹೆಮ್ಮೆಯಿಂದ ಬರೆಯುತ್ತಿಲ್ಲ.

ಕಳೆದ ತಿಂಗಳು ಒಂದು ಬೆಳಿಗ್ಗೆ ಹೋದಾಗ ಅವನ ಎಡಗಣ್ಣು ಕೆಂಪಾಗಿತ್ತು. ಆ ಹೊತ್ತಿನ ಹನಿ ಹಾಕಿ ಬಾಟಲಿಯನ್ನು ಜೇಬಿಗೆ ಇಳಿಸಿದೆ. ಅಂಗಿ ಹಾಕಿಕೊ ಎಂದೆ. ಆರೂವರೆಯ ಬಸ್ಸಿಗೆ ಇಂಡಿ, ಅಲ್ಲಿಂದ ಸೊಲ್ಲಾಪುರ. ದಾರಿಯುದ್ದಕ್ಕೂ ಅವನದು ಒಂದೇ ಮಾತು.

"ಸರ, ನಿನ್ನಿ ಸಂಜಿಮುಂದ ಖರೇನ ಲಿಂಬಿ ರಸ ಸಿಡದೈತ್ರಿ."

"ಸುಮ್ಮ ಕುಂಡ್ರು."

"ತಲಿ ಬ್ಯಾನಿ ಇಲ್ರಿ. ಕಾಮನಬಿಲ್ಲ ಇಲ್ರಿ."

"ಸುಮ್ಮ ಕುಂಡ್ರು ಅಂದ್ನೆಲ್ಲ."

ಡಾಕ್ಟರು ಒತ್ತಡ ಅಳೆದರು. ಸರಿಯಾಗಿದೆ, ಹುಳಿ ರಸ ಬಿದ್ದು ಉರಿದಿದೆ ಅಷ್ಟೇ ಎಂದರು. ಬಸ್ ಸ್ಟ್ಯಾಂಡಿನಲ್ಲಿ ಅವನು ನಗಲು ಶುರುಮಾಡಿದವನು ಇಂಡಿ ಬಂದರೂ ನಿಲ್ಲಿಸಲಿಲ್ಲ.

ಮನೆಗೆ ಬಂದಾಗ ಆರಕ್ಕೆ ಐದು ನಿಮಿಷವಿತ್ತು. ಅವನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಅವನು, "ಲಿಂಬಿ ರಸಾನ" ಎಂದು ಹೇಳಿ ಒಳಗೆ ಹೋದ. ಅವಳು ನನ್ನನ್ನು ನೋಡಿದಳು.

"ಈ ಸಲ ರಜಾ ಯಾರ ಕೊಟ್ರ ಸರ?"

ಅವಳು ಸ್ಟೂಲು ಹೊರಗಿಟ್ಟಳು. ಆರು ಬಡಿಯಿತು. ಅವನು ಹೊರಗೆ ಬಂದು ಕೂತ. ಅವನ ಗದ್ದ ಹಿಡಿದು ಮುಖ ಬೆಳಕಿಗೆ ತಿರುಗಿಸಿ, ಒಂದು ಹನಿ ಹಾಕಿ, ಕಣ್ಣು ಮುಚ್ಚು ಎಂದೆ.

"ಆತ್ರಿ" ಎಂದು ಅವನು ಕಣ್ಣು ಮುಚ್ಚಿದ.