ಜಾರಿದ ಕೈ

ಮರಾಠಿ ಸೀಮೆಯ ಖರಾಡಿಯಲ್ಲಿ ಕಟ್ಟಡದ ಕೆಲಸಕ್ಕಿದ್ದಾಗ, ನಮ್ಮ ಪಕ್ಕದ ಶೆಡ್ಡಿನಾಕೆಯ ತೋಳಿಗೆ ಅವಳ ಗಂಡ ಕಬ್ಬು ಕಡಿಯುವ ಕೊಯ್ತಾದಿಂದ ಎರಡೇಟು ಹೊಡೆದಿದ್ದ. ರಾಜಿ ಆಗು ಎಂದು ಬಂದವರಿಗೆಲ್ಲ ಆಕೆ ಎಡಗೈಯಿಂದಲೇ ಚಹಾ ಸೋಸಿ ಕೊಟ್ಟು, "ಗಾಯ ನಂದ್ರಿ, ಮಾತೂ ನಂದಽ" ಅನ್ನುತ್ತಿದ್ದಳು. ನನ್ನ ಗಂಡನ ಹೊಡೆತ ತಿಂದು ಬಾಯಿ ಮುಚ್ಚಿಕೊಂಡಿರುತ್ತಿದ್ದ ನನಗೆ ಆ ಮಾತು ಕೇಳಿದರೆ ಹೊಟ್ಟೆ ಉರಿಯುತ್ತಿತ್ತು.

ಕೋರ್ಟಿಗೆ ನಾನೂ ಜೊತೆಗೆ ಹೋಗಿದ್ದೆ. ಆಕೆಯ ಗಂಡನ ವಕೀಲರು, "ಕೈ ಜಾರಿ ತಾಗಿರಬಹುದಲ್ಲ?" ಎಂದರು. ಆಕೆ ತೋಳಿನ ಎರಡೂ ಕಲೆ ತೋರಿಸಿ, ಜಾರಿದ ಕೈ ಎರಡನೇ ಸಲ ಮೇಲೇಳುವುದಿಲ್ಲ ಸಾಹೇಬರೇ ಎಂದು ತನ್ನ ಅರೆಬರೆ ಮರಾಠಿಯಲ್ಲಿ ಹೇಳಿದಳು. ಕೆಲವು ತಿಂಗಳ ಮೇಲೆ, ಬೇಕಂತಲೇ ಹೊಡೆದದ್ದೆಂದು ತೀರ್ಪಾಗಿ ಅವನಿಗೆ ಜೈಲಾಯಿತು.

ತೀರ್ಪಿನ ದಿನ ವಾಪಸು ಬರುವಾಗ ಬಸ್ಸಿನಲ್ಲಿ ಆಕೆ ನನ್ನ ಹೆಗಲಿಗೆ ತಲೆಯಿಟ್ಟು ಗೊರಕೆ ಹೊಡೆದಳು. ಆ ನಿದ್ದೆ ನೋಡಲಾಗದೆ, ನಮ್ಮ ಸ್ಟಾಪು ಇನ್ನೂ ದೂರವಿದ್ದರೂ ಅವಳನ್ನು ಎಬ್ಬಿಸಿಬಿಟ್ಟೆ.