ಆಫ್ರಾಳ ಪಾತ್ರೆ, ಮೊರೆನಾಳ ಮುಚ್ಚಳ

ಖಾಲಿ ಹೊಟ್ಟೆ ಕಂಡರೆ ಆಫ್ರಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಯಾರದ್ದಾದರೂ ಸರಿ. ಅಂಚೆಯವನು ಬಂದರೆ ಕಾಗದ ಇಸಿದುಕೊಳ್ಳುವ ಮೊದಲೇ "ಏನಾದ್ರೂ ತಿಂದ್ಯೇನೋ?" ಎನ್ನುವಳು. ತಿಂದೆ ಎಂದರೆ, "ಆ ಮುಖ ನೋಡಿದ್ರೆ ಹಾಗೇನೂ ಕಾಣಲ್ಲ" ಎಂದು ಬ್ರೆಡ್ಡಿನ ತುಂಡು ಕೈಗೆ ತುರುಕುವಳು. ಪೋ ನದಿಯ ಕೆಳಬಯಲಲ್ಲಿ, ಗೇಣಿದಾರನ ಮನೆಯಲ್ಲಿ ಏಳನೆಯ ಮಗಳಾಗಿ ಹುಟ್ಟಿದವಳು. ಹದಿನಾಲ್ಕಕ್ಕೇ ಭತ್ತದ ಗದ್ದೆಯಲ್ಲಿ ಮೊಣಕಾಲುದ್ದ ನೀರಿಗಿಳಿದು ಕಳೆ ಕಿತ್ತವಳು. ಯುದ್ಧದ ವರ್ಷಗಳಲ್ಲಿ ಮೆಕ್ಕೆಜೋಳದ ಗಂಜಿಯನ್ನೇ ಮೂರು ಹೊತ್ತೂ ಕುಡಿದು ಬದುಕಿದವಳು. ಆಮೇಲೆ ಇಪ್ಪತ್ತು ವರ್ಷ ಗಾರೆಯವರ ಊಟದ ಮನೆಯಲ್ಲಿ ಬೇಯಿಸಿ, ಐವತ್ತನೆಯ ವಯಸ್ಸಿಗೆ ನಮ್ಮ ಪುರಸಭೆಯ ಶಿಶುವಿಹಾರಕ್ಕೆ ಅಡುಗೆಯವಳಾಗಿ ಬಂದಳು.

ಗಾರೆಯವರಿಗೆ ಬಡಿಸಿದ ಕೈ ಅದು. ತಟ್ಟೆ ಖಾಲಿಯಾಗದಿದ್ದರೆ ತನ್ನನ್ನೇ ಬೈದ ಹಾಗೆ ಅವಳಿಗೆ. ನಮ್ಮಲ್ಲೋ ಇದ್ದದ್ದು ಒಂದು ವರ್ಷದಿಂದ ಮೂರು ವರ್ಷದೊಳಗಿನ ಹದಿನೆಂಟು ಮಕ್ಕಳು. ಯಾವ ಮಗುವಿಗೂ ಇಂಥದ್ದನ್ನೇ ಆಡು, ಇಷ್ಟನ್ನೇ ತಿನ್ನು ಎಂದು ನಾವು ಹೇಳುತ್ತಿರಲಿಲ್ಲ. ತಗ್ಗಿನ ಕಪಾಟುಗಳಲ್ಲಿ ಬೋಗುಣಿ, ಮರದ ಸೌಟು, ಒಣ ಕಾಳು, ನೆಲದ ಹತ್ತಿರವೇ ಕನ್ನಡಿ. ಬೇಕಾದ್ದನ್ನು ಮಕ್ಕಳೇ ಎಳೆದುಕೊಳ್ಳಬೇಕು. ನಾವು ಹತ್ತಿರ ಕೂತು ಅವರು ಏನು ಹುಡುಕುತ್ತಿದ್ದಾರೆಂದು ನೋಡಬೇಕು, ಪುಸ್ತಕದಲ್ಲಿ ಬರೆದುಕೊಳ್ಳಬೇಕು.

"ಒಳ್ಳೆ ಕೆಲಸ ಕಣ್ರೇ ನಿಮ್ದು," ಎಂದು ಆಫ್ರಾ ಅಡುಗೆಮನೆಯ ಅರ್ಧಬಾಗಿಲ ಮೇಲೆ ಮೊಣಕೈ ಊರಿ ಹಂಗಿಸುವಳು. "ಕೂಸುಗಳು ದುಡೀತವೆ, ನೀವು ಲೆಕ್ಕ ಬರೀತೀರಿ."

ಎಪ್ಪತ್ತೆಂಟರ ಶರತ್ಕಾಲದಲ್ಲಿ ಮೊರೆನಾ ಬಂದಳು. ಇಪ್ಪತ್ತು ತಿಂಗಳ ಹುಡುಗಿ, ಬಟಾಣಿಯಂಥ ಮೂಗು. ತಾಯಿ ವಾನ್ನಾ ಸ್ವೆಟರ್ ಕಾರ್ಖಾನೆಯಲ್ಲಿ ಹೆಣಿಗೆ ಯಂತ್ರದ ಮುಂದೆ ಕೂರುವವಳು. ಮಗುವನ್ನು ನೋಡಿಕೊಳ್ಳುತ್ತಿದ್ದ ಅಜ್ಜಿ ಬೇಸಿಗೆಯಲ್ಲಿ ತೀರಿಕೊಂಡಿದ್ದರಿಂದ ರಜೆ ಹಾಕಿದ್ದಳು. ಮೂರು ವಾರ ಬಿಟ್ಟು ಸೋಮವಾರ ಕೆಲಸಕ್ಕೆ ಬರದಿದ್ದರೆ ಆ ಯಂತ್ರಕ್ಕೆ ಬೇರೆಯವಳು ಎಂದು ಮೇಸ್ತ್ರಿ ಹೇಳಿಬಿಟ್ಟಿದ್ದ. ನಮ್ಮ ಪದ್ಧತಿ ಹೀಗೆ: ಮೊದಲು ತಾಯಿ ಮಗುವಿನ ಜೊತೆಯಲ್ಲೇ ಕೋಣೆಯಲ್ಲಿ ಕೂರುತ್ತಾಳೆ. ಆಮೇಲೆ ಅರ್ಧ ಗಂಟೆ ಆಚೆ, ಒಂದು ಗಂಟೆ ಆಚೆ. ಮಗು ನಮ್ಮಲ್ಲಿ ಉಂಡು ಮಲಗಿದರೆ ಮಾತ್ರ ಇಡೀ ದಿನ ಬಿಡಬಹುದು. ಮೊರೆನಾ ಮಲಗಿದಳು, ನಕ್ಕಳು, ನನ್ನ ಕನ್ನಡಕ ಎಳೆದಳು. ಆದರೆ ತುತ್ತು ಬಾಯಿಗಿಡಲಿಲ್ಲ.

ಅವಳಿಗೆ ಬೇಕಾಗಿದ್ದದ್ದು ಮುಚ್ಚಳ. ಆಫ್ರಾ ಆಡಲೆಂದು ಕೊಟ್ಟಿದ್ದ ಹಳೆಯ ನೆಗ್ಗಿದ ಪಾತ್ರೆಗಳು ಮೂಲೆಯಲ್ಲಿದ್ದವು. ಮೊರೆನಾ ದೊಡ್ಡ ಮುಚ್ಚಳವನ್ನು ಸಣ್ಣ ಪಾತ್ರೆಯ ಮೇಲಿಡುವಳು, ಅದು ಜಾರುವುದು. ಸಣ್ಣ ಮುಚ್ಚಳವನ್ನು ದೊಡ್ಡ ಪಾತ್ರೆಯ ಮೇಲಿಡುವಳು, ಅದು ಒಳಗೆ ಬಿದ್ದು ಠಣ್ ಎನ್ನುವುದು. ಬೆಚ್ಚಿದಳು, ನಕ್ಕಳು, ಮತ್ತೆ ಬೀಳಿಸಿದಳು. ಒಂದು ಬೆಳಿಗ್ಗೆ ಮೂವತ್ತೊಂದು ಸಲ, ನಾನೇ ಎಣಿಸಿದ್ದೇನೆ. ನಾಲ್ಕು ದಿನದ ಹೊತ್ತಿಗೆ ಬೀಳುವುದು ಯಾವುದು, ಕೂರುವುದು ಯಾವುದು ಎಂದು ಇಡುವ ಮೊದಲೇ ಅವಳಿಗೆ ತಿಳಿಯುತ್ತಿತ್ತು. ಕೈಯಲ್ಲಿದ್ದ ಮುಚ್ಚಳ ನೋಡಿ, ಸಾಲಾಗಿದ್ದ ಪಾತ್ರೆ ನೋಡಿ, ನೆಟ್ಟಗೆ ಮೂರನೆಯದರ ಹತ್ತಿರ ಹೋಗುವಳು. ಅಲ್ಲಿದ್ದ ಪಾತ್ರೆಗಳು ಸಾಲದೆ ಅಡುಗೆಮನೆಯ ಬಾಗಿಲು ಬಡಿಯತೊಡಗಿದಳು. ಆಫ್ರಾ ಕರಗಿ ನೀರಾದಳು. ಒಲೆಯ ಮೇಲಿನದೊಂದನ್ನು ಬಿಟ್ಟು ಎಲ್ಲ ಮುಚ್ಚಳಗಳನ್ನೂ ಹೊರಗೆ ಕೊಟ್ಟಳು.

ಊಟದ ಹೊತ್ತಿಗೆ ಮಾತ್ರ ಅದೇ ಕಥೆ. ಎಂಟನೆಯ ದಿನ ಆಫ್ರಾಳ ತಾಳ್ಮೆ ಹರಿಯಿತು. ಅರ್ಧಬಾಗಿಲು ದಬ್ಬಿಕೊಂಡು ಬಂದವಳೇ ಮಗುವಿನ ಕೆನ್ನೆ ಒತ್ತಿ ಬಾಯಿ ತೆರೆಸಿ ಒಂದು ಚಮಚ ಅನ್ನ ತುರುಕಿದಳು. ಮೊರೆನಾ ಮುಖ ತಿರುಗಿಸಿದಳು. ಆಫ್ರಾ ಆ ಕಡೆಯಿಂದ ಇನ್ನೊಂದು ಚಮಚ ತುರುಕಿದಳು. ಮಗು ಎಲ್ಲವನ್ನೂ ಕಕ್ಕಿ, ಉಸಿರು ಸಿಕ್ಕಿಕೊಳ್ಳುವ ಹಾಗೆ ಅತ್ತಿತು. ಮರುದಿನದಿಂದ ಊಟದ ಮೇಜಿನ ಹತ್ತಿರವೂ ಬರಲಿಲ್ಲ, ಅಡುಗೆಮನೆಯ ಬಾಗಿಲನ್ನೂ ಬಡಿಯಲಿಲ್ಲ. ಮುಚ್ಚಳಗಳನ್ನು ಮುಟ್ಟಲೂ ಇಲ್ಲ.

ವಾರದ ಸಭೆಯಲ್ಲಿ ನಮ್ಮಷ್ಟೇ ಹಕ್ಕಿನಿಂದ ಅಡುಗೆಯವಳೂ ಕೂರುತ್ತಾಳೆ. ಅವತ್ತು ನಾನು ಸಿಡಿದೆ.

"ಯಾರು ಹೇಳಿದ್ರು ನಿಂಗೆ ತುರುಕು ಅಂತ? ಆ ವಾನ್ನಾಳ ಕೆಲಸ ಹೋದ್ರೆ ನೀನು ಕೊಡಿಸ್ತೀಯಾ?"

"ಇಯೋನೆ, ನೀನು ಬರ್ಕೊಂಡು ಕೂತ್ಕೋ," ಆಫ್ರಾ ನನ್ನ ಹೆಸರು ಹಿಡಿದು ಅರಚಿದಳು. "ಮೂವತ್ತೊಂದು ಸಲ ಮುಚ್ಚಳ ಬಿತ್ತು ಅಂತ ಬರಿ. ಕೂಸು ಹಸಿದು ಬಿದ್ರೆ ಮೂವತ್ತೆರಡು ಅಂತ ಬರಿ!"

ಆ ಮಾತು ನನಗೆ ಚುಚ್ಚಿತು. ನಿಜವೇ, ಬರೆಯುವುದು ಬಿಟ್ಟು ನಾನೇನು ಕಡಿದು ಹಾಕಿದ್ದೆ? ಇಬ್ಬರೂ ಮುಖ ಊದಿಸಿಕೊಂಡು ಮನೆಗೆ ಹೋದೆವು.

ಮರುದಿನ ಬೆಳಿಗ್ಗೆ ಆಫ್ರಾ ಯಾರಿಗೂ ಹೇಳದೆ ತನ್ನ ಪಾತ್ರೆ, ಮುಚ್ಚಳಗಳನ್ನೆಲ್ಲ ತಂದು ಅರ್ಧಬಾಗಿಲ ಮುಂದೆ ನೆಲದ ಮೇಲಿಟ್ಟು, ಒಳಗೆ ಹೋಗಿ ಬೆನ್ನು ತಿರುಗಿಸಿ ಈರುಳ್ಳಿ ಹೆಚ್ಚುತ್ತ ನಿಂತಳು. ತಿರುಗಿ ನೋಡುವಂತಿಲ್ಲ ಎಂದು ತನಗೆ ತಾನೇ ಶಿಕ್ಷೆ ಕೊಟ್ಟುಕೊಂಡಿದ್ದಳು. "ಬಂದ್ಲೇನೇ?" ಎಂದು ಪಿಸುಗುಟ್ಟುವಳು. "ಇಲ್ಲ." "ಈಗ?" "ಇಲ್ಲ ಮಾರಾಯ್ತಿ, ಸುಮ್ನಿರು." ಮೂರು ದಿನ ಹೀಗೇ ನಡೆಯಿತು. ನಾಲ್ಕನೆಯ ದಿನ ಅವಳ ಬೆನ್ನ ಹಿಂದೆ ಠಣ್ ಎಂದಿತು. ಮೊರೆನಾ ಈಗ ಒಂದೊಂದೇ ಮುಚ್ಚಳ ಎತ್ತಿ ಪಾತ್ರೆಯೊಳಗೆ ಇಣುಕುತ್ತಿದ್ದಾಳೆಂದು ನಾನು ಪಿಸುಗುಟ್ಟಿದೆ. ಆಫ್ರಾ ತಿರುಗಲಿಲ್ಲ. ಕಣ್ಣೊರೆಸಿಕೊಂಡಳು, ಕೇಳಿದರೆ ಈರುಳ್ಳಿ ಎಂದಳು.

"ಅವಳ ಆಸೆ ಎಲ್ಲಾ ಮುಚ್ಚಳದ ಕೆಳಗೇನಿದೆ ಅನ್ನೋದ್ರಲ್ಲಿದೆ," ಎಂದಳು ಅವತ್ತು ಸಂಜೆ. "ನಾವು ತಟ್ಟೇಲಿ ಎಲ್ಲಾನೂ ಬಿಚ್ಚಿ ಇಡ್ತೀವಿ. ಅವಳಿಗೆ ಹುಡುಕೋಕೆ ಏನು ಉಳೀತು ಹೇಳು?"

ನನ್ನ ಪುಸ್ತಕದ ನಲವತ್ತು ಪುಟಗಳಲ್ಲಿ ಆ ಮಾತಿರಲಿಲ್ಲ.

ಗುರುವಾರ ಅವಳು ಸಣ್ಣ ಪಾತ್ರೆಯಲ್ಲಿ ಕೋಳಿ ಸಾರಿಗೆ ಅಕ್ಕಿಕಾಳಿನಷ್ಟು ಸಣ್ಣ ಪಾಸ್ತಾ ಹಾಕಿ, ಚೀಸ್ ತುರಿದು, ಉಗುರುಬೆಚ್ಚಗಾದ ಮೇಲೆ ಮುಚ್ಚಿ ಮೊರೆನಾ ಆಡುತ್ತಿದ್ದಲ್ಲೇ ನೆಲದ ಮೇಲಿಟ್ಟಳು. ಪಕ್ಕದಲ್ಲಿ ಚಮಚ. ತಾನು ಒಂದು ಗಜ ದೂರ ಕಾಲು ಮಡಚಿ ಕೂತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡಳು. ಮೊರೆನಾ ಮುಚ್ಚಳ ತೆಗೆದಳು. ಬಗ್ಗಿ ನೋಡಿದಳು, ಮೂಸಿದಳು. ಮುಚ್ಚಿದಳು, ತೆಗೆದಳು. ಬೆರಳು ಅದ್ದಿ, ಬೆರಳಿನಿಂದ ನೆಲಕ್ಕೆ ಗೀರೆಳೆದಳು. ಅಷ್ಟೇ. ಆಫ್ರಾಳ ಕುತ್ತಿಗೆಯ ನರ ಉಬ್ಬಿತ್ತು, ಆದರೆ ಕೈ ತೊಡೆಯ ಕೆಳಗಿಂದ ಬರಲಿಲ್ಲ.

ಮರುದಿನ ಶುಕ್ರವಾರ, ವಾನ್ನಾಳಿಗೆ ಉಳಿದಿದ್ದ ಕೊನೆಯ ದಿನ. ಹೊರಗೆ ಕೈ ಚಾಚಿದರೆ ಕೈ ಕಾಣದಂಥ ಮಂಜು. ವಾನ್ನಾ ಕೋಟು ಬಿಚ್ಚದೆ ಬಾಗಿಲ ಮರೆಯಲ್ಲಿ ನಿಂತಿದ್ದಳು. "ಇವಳು ತಿನ್ಲಿಲ್ಲಾ ಅಂದ್ರೆ ಇವತ್ತೇ ಹೋಗಿ ಮೇಸ್ತ್ರಿಗೆ ಬರಲ್ಲ ಅಂತ ಹೇಳ್ಬಿಡ್ತೀನಿ, ಇಯೋನೆ. ನಂಗೂ ಸಾಕಾಯ್ತು."

ಒಳಗೆ ಅದೇ ಪಾತ್ರೆ, ಅದೇ ಒಂದು ಗಜ ದೂರ. ಮೊರೆನಾ ಮುಚ್ಚಳ ತೆಗೆದು ಪಕ್ಕಕ್ಕಿಟ್ಟಳು. ಚಮಚ ಅದ್ದಿದಳು. ಅರ್ಧ ಚೆಲ್ಲಿಕೊಂಡು ಎದ್ದು ನಿಂತು, ತೂರಾಡುತ್ತ ಆಫ್ರಾಳ ಹತ್ತಿರ ಹೋಗಿ ಅವಳ ಬಾಯಿಗೇ ಹಿಡಿದಳು.

ಎಲ್ಲರೂ ಉಂಡಾಗುವವರೆಗೆ ಜನ್ಮದಲ್ಲೇ ಬಾಯಿಗೆ ಏನೂ ಹಾಕಿಕೊಳ್ಳದ ಹೆಂಗಸು ಬಾಯಿ ತೆರೆದಳು. ಮಗು ವಾಪಸು ಹೋಗಿ ಇನ್ನೊಂದು ಚಮಚ ತಂದಿತು. ಮೂರು, ನಾಲ್ಕು, ಏಳು. ಗಲ್ಲದಿಂದ ಸಾರು ಇಳಿದು ಎದೆಯ ಮೇಲಿನ ಬಟ್ಟೆಯೆಲ್ಲ ಒದ್ದೆ. ಎಂಟನೆಯದು ಬಂದಾಗ ಬಾಯಲ್ಲಿದ್ದದ್ದೇ ಇನ್ನೂ ಇಳಿದಿರಲಿಲ್ಲ. ಆಫ್ರಾ ಬೇಡವೆಂಬಂತೆ ಮುಖವನ್ನು ಪಕ್ಕಕ್ಕೆ ತಿರುಗಿಸಿದಳು.

ಮೊರೆನಾ ತಕ್ಷಣ ಚಮಚ ಕೆಳಗಿಳಿಸಿದಳು. ಒಂದು ಗಳಿಗೆ ಆಫ್ರಾಳ ಮುಖ ನೋಡಿದಳು. ಆಮೇಲೆ ಆ ಚಮಚವನ್ನು ತನ್ನ ಬಾಯಿಗಿಟ್ಟುಕೊಂಡು, ಪಾತ್ರೆಯ ಹತ್ತಿರ ಕೂತು, ತಳ ಕೆರೆಯುವ ಸದ್ದು ಬರುವ ತನಕ ತಿಂದಳು. ಬಾಗಿಲ ಮರೆಯಲ್ಲಿ ವಾನ್ನಾ ನನ್ನ ತೋಳನ್ನು ಉಗುರು ನಾಟುವ ಹಾಗೆ ಹಿಡಿದಿದ್ದಳು. ಸೋಮವಾರ ಏಳು ಗಂಟೆಗೆ ಅವಳು ತನ್ನ ಯಂತ್ರದ ಮುಂದಿದ್ದಳು.

ಆ ಶುಕ್ರವಾರ ಮಧ್ಯಾಹ್ನ, ಮಕ್ಕಳೆಲ್ಲ ಮಲಗಿದ ಮೇಲೆ, ಗೆದ್ದೆ ಅಂತ ಆಫ್ರಾ ಕುಣಿಯುತ್ತಿರಬೇಕೆಂದು ಅಡುಗೆಮನೆಗೆ ಹೋದೆ. ನಲ್ಲಿ ಸುಮ್ಮನೆ ಹರಿಯುತ್ತಿತ್ತು. ಅವಳು ಆ ಸಣ್ಣ ಪಾತ್ರೆ ಹಿಡಿದುಕೊಂಡು ತೊಳೆಯದೆ ನಿಂತಿದ್ದಳು.

"ನನ್ನ ಮಗ ಎರ್ಮೆಸ್ಸೂ ಹೀಗೇ ಮುಖ ತಿರುಗಿಸ್ತಿದ್ದ," ಎಂದಳು. "ನಾನು ಒಂದ್ಸಲವೂ ಚಮಚ ಇಳಿಸಿದ್ದಿಲ್ಲ ಕಣೇ."