ಮೆತ್ತಗಾದ ಎಲುಬು

ಲಗ್ನವಾಗಿ ಬಾಗಲಕೋಟೆಗೆ ಬಂದಾಗ ನಾನು ಹೊಲದಲ್ಲಿ ಬೆಳೆದ ಹುಡುಗಿ. ತವರು ಹುನಗುಂದದ ಕಡೆಯ ಒಕ್ಕಲುತನದ ಮುಸ್ಲಿಂ ಮನೆ. ಗಂಡನ ಮನೆಯವರು ಅರಿವೆ ವ್ಯಾಪಾರಸ್ಥರು. ಹೆಂಗಸರು ಹೊರಗಿನವರ ಕಣ್ಣಿಗೆ ಬೀಳಬಾರದೆಂಬ ಗೋಷಾ ಪದ್ಧತಿಯನ್ನು ಮಾವ ಬಿಗಿಯಾಗಿ ನಡೆಸುತ್ತಿದ್ದರು. ಹೆಂಗಸರಿದ್ದ ಒಳಮನೆಗೆ ಒಂದೇ ಬೆಳಕಿಂಡಿ, ಅದೂ ಕೈಗೆ ಎಟುಕದಷ್ಟು ಮೇಲೆ.

ಊಟವೂ ಬೇರೆ. ತವರಲ್ಲಿ ಸಜ್ಜಿ ರೊಟ್ಟಿ, ಗುರೆಳ್ಳು ಚಟ್ನಿ, ಹೊಲದ ಸೊಪ್ಪು. ಇಲ್ಲಿ ತೌಡು ಉಳಿಯದಂತೆ ತಳಿಸಿದ ಬೆಳ್ಳನೆಯ ಅಕ್ಕಿಯ ಅನ್ನ, ತಿಳಿಸಾರು. ರೊಟ್ಟಿ ಆಳುಗಳಿಗೆ.

ಎರಡನೇ ಹೆರಿಗೆಯ ನಂತರ ಸೊಂಟ ಹಿಡಿಯಿತು. ತೊಡೆಯ ಎಲುಬು ಒತ್ತಿದರೆ ಕಣ್ಣಲ್ಲಿ ನೀರು. ನೆಲದಿಂದ ಏಳಲು ಗೋಡೆ ಬೇಕು. ಬೆನ್ನು ಬಾಗಿದ್ದ ಅತ್ತೆಯೂ ಗೋಡೆ ಹಿಡಿದೇ ಓಡಾಡುತ್ತಿದ್ದರು.

"ಈ ಮನ್ಯಾಗ ಎರಡು ಹಡದ ಮ್ಯಾಲ ಎಲ್ಲಾರಿಗೂ ಹಿಂಗ ಆಗತೈತಿ. ನಮ್ಮತ್ತಿಗೂ ಆಗಿತ್ತು. ರೂಢಿ ಮಾಡ್ಕೋ," ಅಂದರು.

ನೋವಿಗಿಂತ ಆ ಸಮಾಧಾನದ ದನಿಗೆ ನಾನು ಹೆದರಿದೆ. ದವಾಖಾನಿಗೆ ಕರೆದೊಯ್ಯಿರಿ ಎಂದು ಗಂಡನನ್ನು ಕೇಳಿದೆ.

"ಅಪ್ಪ ಬ್ಯಾಡ ಅಂತಾನ," ಎಂದು ಅವರು ತಲೆ ತಗ್ಗಿಸಿ ಹೊರಗೆ ಹೋದರು.

ಆಮೇಲೆ ಪ್ಲೇಗ್ ಬಂತು. ಇಲಿ ಸತ್ತು ಬೀಳತೊಡಗಿದ್ದೇ ತಡ, ಊರು ಖಾಲಿಯಾಯಿತು, ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ನನ್ನನ್ನು ಚಕ್ಕಡಿ ಗಾಡಿಗೆ ಎತ್ತಿ ಕೂರಿಸಬೇಕಾಯಿತು. ಪೇಟೆ ಮುಚ್ಚಿತ್ತು. ಇದ್ದಷ್ಟು ಅಕ್ಕಿ ಹಿರಿಯರಿಗಾಯಿತು, ನನ್ನ ಪಾಲಿಗೆ ಸಜ್ಜಿ ಬಂತು. ಹೊಲದಲ್ಲಿ ಗೋಷಾ ನಡೆಯುವಂತಿರಲಿಲ್ಲ. ಗುಡಿಸಲಿನೊಳಗೆ ಹೊಗೆ ತುಂಬುತ್ತಿದ್ದುದರಿಂದ ಬಯಲಿನ ಬಿಸಿಲಲ್ಲೇ ಕೂತು ರೊಟ್ಟಿ ಬಡಿದೆ. ಕೈಗೆ ಸಿಕ್ಕ ಸೊಪ್ಪು ಕಿತ್ತು ಬೇಯಿಸಿದೆ. ಊರ ಕಡೆ ಹೆಣ ಹೊರುತ್ತಿದ್ದರು, ಇತ್ತ ನನ್ನ ನೋವು ಇಳಿಯುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು.

ಸುಗ್ಗಿಯ ಹೊತ್ತಿಗೆ ಒಂದು ಮುಂಜಾನೆ ಏನನ್ನೂ ಹಿಡಿಯದೆ ಎದ್ದು ನಿಂತೆ. ಅತ್ತೆ ನೋಡಿದರು. "ನಂಗೂ ಒಂದ್ ರೊಟ್ಟಿ ಕೊಡು," ಅಂದರು. ಅವರಿಗೆ ಹಲ್ಲಿರಲಿಲ್ಲ. ಹಾಲಲ್ಲಿ ನೆನೆಸಿ ಕೊಟ್ಟೆ.

ಈಗ ನನಗೆ ಎಂಬತ್ತು ದಾಟಿದೆ. ಡಾಕ್ಟರಿಕೆ ಓದಿದ ಮೊಮ್ಮಗಳು ಹೇಳುತ್ತಾಳೆ, ಸಜ್ಜಿಯಲ್ಲಿ, ಗುರೆಳ್ಳಿನಲ್ಲಿ, ಸೊಪ್ಪಿನಲ್ಲಿ ಮೆಗ್ನೀಸಿಯಮ್ ಎಂಬ ಖನಿಜ ಇರುತ್ತದಂತೆ. ತೌಡಿನ ಜೊತೆ ಅದೂ ಹೋಗುತ್ತದೆ. ಬಿಸಿಲು ಕೊಡುವ ಜೀವಸತ್ವ ಎಲುಬಿಗೆ ಒದಗಬೇಕಾದರೆ ಆ ಖನಿಜ ಬೇಕು. "ಬಿಸಿಲೋ ರೊಟ್ಟಿಯೋ, ಯಾವುದು ಉಳಿಸಿತು?" ಎಂದು ಕೇಳಿದೆ. "ಎರಡೂ ಇರಬೇಕಜ್ಜಿ," ಅಂದಳು.

ಅಂದು ಪ್ಲೇಗ್ ಇಳಿದ ಮೇಲೆ ಮನೆಗೆ ಮರಳಿದೆವು. ಮಾವ ಒಳಮನೆಯ ಬಾಗಿಲು ಮತ್ತೆ ಎಳೆದುಕೊಂಡರು. ಆಗ ಅತ್ತೆ ಬಾಗಿಲ ಸಂದಿಯಿಂದಲೇ, "ಸಜ್ಜಿ ಚೀಲ ಒಳಗ ಕಳಸ್ರಿ," ಎಂದರು. ಅವರು ಗಂಡನಿಗೆ ಎದುರು ಮಾತಾಡಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು. ಚೀಲ ಬಂತು. ಬಾಗಿಲು ತೆರೆಯುವ ಮಾತು ಅವರು ಎತ್ತಲಿಲ್ಲ, ನನಗೂ ಧೈರ್ಯವಾಗಲಿಲ್ಲ.

ಅತ್ತೆಯ ಬೆನ್ನು ನೆಟ್ಟಗಾಗಲಿಲ್ಲ. ನನ್ನ ಕಾಲುಗಳು ಮೊದಲಿನಷ್ಟಲ್ಲದಿದ್ದರೂ ಗಟ್ಟಿಯಾದವು. ನಡೆಯಲು ಒಳಮನೆಯಿಂದ ಅಡಿಗೆಮನೆಯವರೆಗೆ ಜಾಗವಿತ್ತು. ಮಾವ ಇರುವವರೆಗೂ ಅಷ್ಟರಲ್ಲೇ ನಡೆದೆ.